ಒಡೆದ ಸಭೆಗೆ ನುಡಿಸದ ಹೇಝಲ್ ಸ್ಕಾಟ್

ಸಂಗೀತಕ್ಕೆ ಜಾತಿಯಿಲ್ಲ, ಬಣ್ಣವಿಲ್ಲ ಎಂದು ನಾವು ಆಗಾಗ ಹೇಳುತ್ತಿರುತ್ತೇವೆ. ಆದರೆ ಕೇಳಲು ಬಂದವರನ್ನು ಎಲ್ಲೆಲ್ಲಿ ಕೂರಿಸಿದ್ದಾರೆ ಎಂದು ನೋಡುವುದಿಲ್ಲ. ಅದನ್ನು ನೋಡಿದ ಮೇಲೆಯೇ ಪಿಯಾನೋ ಮುಂದೆ ಕೂರುತ್ತಿದ್ದ ಕಲಾವಿದೆಯೊಬ್ಬರು ಅಮೆರಿಕದಲ್ಲಿದ್ದರು. ಅವರೇ ಹೇಝಲ್ ಸ್ಕಾಟ್.

1920ರ ಜೂನ್ 11ರಂದು ಟ್ರಿನಿಡಾಡ್ ದ್ವೀಪದ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಹುಟ್ಟಿದ ಹೇಝಲ್, ಎಳೆಯ ವಯಸ್ಸಿನಲ್ಲೇ ನ್ಯೂಯಾರ್ಕಿನ ಕಪ್ಪು ಜನರ ಮೊಹಲ್ಲಾ ಹಾರ್ಲೆಮ್‌ಗೆ ಬಂದಳು. ತಾಯಿ ಆಲ್ಮಾ ಸ್ವತಃ ಸಂಗೀತಗಾರ್ತಿ. ಮುಂದೆ ಹೆಂಗಸರದೇ ವಾದ್ಯತಂಡ ಕಟ್ಟಿದವರು. ಎಂಟು ವರ್ಷದ ಮಗಳನ್ನು ಅವರು ಜ್ಯೂಲಿಯಾರ್ಡ್ ಸಂಗೀತ ಶಾಲೆಗೆ ಕರೆದೊಯ್ದರು. ಅಲ್ಲಿ ಸೇರಲು 16 ವರ್ಷವಾಗಿರಬೇಕಿತ್ತು. ಬಾಲಕಿ ರಖ್ಮಾನಿನೊವ್‌ನ ಕೃತಿಯೊಂದನ್ನು ನುಡಿಸಿದಳು. ಪುಟ್ಟ ಬೆರಳಿಗೆ ನಿಲುಕದ ಸ್ವರಗಳ ಬದಲು ಹತ್ತಿರದ ಸ್ವರಗಳನ್ನು ಹಾಕಿಕೊಂಡಳು. ಕೇಳಿದ ಪ್ರಾಧ್ಯಾಪಕರೊಬ್ಬರು ಖಾಸಗಿಯಾಗಿ ಪಾಠ ಹೇಳಲು ಒಪ್ಪಿದರು.

ಕಪ್ಪು ಜನರ ನೋವು, ದುಡಿಮೆಯ ಹಾಡುಗಳಿಂದ ಬೆಳೆದ ಜಾಝ್, ನುಡಿಸುತ್ತಲೇ ಹೊಸದನ್ನು ಕಟ್ಟುವ ಸಂಗೀತ. ಬಾಖ್, ಲಿಸ್ಟ್‌ರ ಶಾಸ್ತ್ರೀಯ ಕೃತಿಯನ್ನು ಮೊದಲು ಇದ್ದ ಹಾಗೆಯೇ ನುಡಿಸಿ, ಆಮೇಲೆ ಜಾಝ್ ಲಯಕ್ಕೆ ತಿರುಗಿಸುವುದು ಹೇಝಲ್ ಅವರ ವೈಖರಿ. 1939ರಿಂದ ಅವರು ನುಡಿಸಿದ ‘ಕೆಫೆ ಸೊಸೈಟಿ’ ಕಪ್ಪು ಜನರೂ ಬಿಳಿಯರೂ ಒಟ್ಟಿಗೆ ಕೂರಬಹುದಾಗಿದ್ದ ಅಪರೂಪದ ಕ್ಲಬ್. ಆ ಮೆಹಫಿಲ್‌ನ ರೂಢಿಯನ್ನೇ ಅವರು ತಮ್ಮ ಕರಾರಿನ ಷರತ್ತಾಗಿ ಮಾಡಿಕೊಂಡರು: ಬಣ್ಣದ ಪ್ರಕಾರ ಬೇರೆ ಬೇರೆ ಕೂರಿಸಿದ ಸಭೆಗೆ ನುಡಿಸುವುದಿಲ್ಲ. 1948ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಆಸನಗಳನ್ನು ಹಾಗೆ ವಿಂಗಡಿಸಿದ್ದನ್ನು ಕಂಡು ನುಡಿಸದೆಯೇ ಹೊರಟುಬಂದರು.

ಸಿನಿಮಾದಲ್ಲೂ ಇದೇ ಹಟ. ಮನೆಗೆಲಸದವಳ ಪಾತ್ರ ಒಲ್ಲೆ ಎಂದರು. 1943ರ ‘ದ ಹೀಟ್ಸ್ ಆನ್’ ಚಿತ್ರದಲ್ಲಿ ಯುದ್ಧಕ್ಕೆ ಹೊರಟ ತಮ್ಮವರನ್ನು ಬೀಳ್ಕೊಡುವ ಕಪ್ಪು ಹೆಂಗಸರಿಗೆ ಕೊಳಕು ಏಪ್ರನ್ ತೊಡಿಸಲು ಹೊರಟಾಗ, ಯಾವ ಹೆಣ್ಣು ತನ್ನವನನ್ನು ಹಾಗೆ ಕಳಿಸಿಕೊಡುತ್ತಾಳೆ ಎಂದು ಪ್ರತಿಭಟಿಸಿ ಮೂರು ದಿನ ಕೆಲಸ ನಿಲ್ಲಿಸಿದರು. ಏಪ್ರನ್ ಹೋಯಿತು, ಹಾಲಿವುಡ್ಡಿನ ಬಾಗಿಲೂ ಮುಚ್ಚಿಕೊಂಡಿತು.

1950ರ ಜುಲೈನಲ್ಲಿ ಡ್ಯೂಮಾಂಟ್ ಟೆಲಿವಿಷನ್‌ನಲ್ಲಿ ‘ದ ಹೇಝಲ್ ಸ್ಕಾಟ್ ಶೋ’ ಆರಂಭವಾಯಿತು. ಅಮೆರಿಕದ ರಾಷ್ಟ್ರೀಯ ಟಿ.ವಿ.ಯಲ್ಲಿ ಸ್ವಂತ ಕಾರ್ಯಕ್ರಮ ನಡೆಸಿದ ಮೊದಲ ಕಪ್ಪು ಮಹಿಳೆ ಅವರು. ಆದರೆ ಹಿಂದಿನ ತಿಂಗಳಷ್ಟೇ ‘ರೆಡ್ ಚಾನೆಲ್ಸ್’ ಎಂಬ ಪುಸ್ತಿಕೆ, ಕಮ್ಯುನಿಸ್ಟ್ ನಂಟಿನ ಶಂಕೆಯ ಮೇಲೆ 151 ಮಂದಿಯ ಹೆಸರು ಪ್ರಕಟಿಸಿತ್ತು. ಅದರಲ್ಲಿ ಹೇಝಲ್ ಹೆಸರೂ ಇತ್ತು. ಯಾರೂ ಸಮನ್ಸ್ ಕಳಿಸಿರಲಿಲ್ಲ. ಸೆಪ್ಟೆಂಬರ್ 22ರಂದು ತಾವಾಗಿಯೇ ಸಂಸತ್ತಿನ ವಿಚಾರಣಾ ಸಮಿತಿಯ ಮುಂದೆ ಹೋಗಿ, ತಾವು ಕಮ್ಯುನಿಸ್ಟರಲ್ಲ ಎಂದರು. ಪುರಾವೆಯಿಲ್ಲದೆ ಹೀಗೆ ಪಟ್ಟಿ ಮಾಡುವುದನ್ನು ಖಂಡಿಸಿದರು. ಒಂದೇ ವಾರದಲ್ಲಿ ಕಾರ್ಯಕ್ರಮ ನಿಂತುಹೋಯಿತು. ನಿನ್ನ ನಿಷ್ಠೆ ಸಾಬೀತುಪಡಿಸು ಎನ್ನುವವರಿಗೆ ಎಷ್ಟೋ ಸಲ ಉತ್ತರ ಬೇಕಾಗಿಯೇ ಇರುವುದಿಲ್ಲ.

ಕೆಲಸಗಳು ಕಡಿಮೆಯಾದರೂ ಬೆರಳು ಸೋಲಲಿಲ್ಲ. 1955ರಲ್ಲಿ ಚಾರ್ಲ್ಸ್ ಮಿಂಗಸ್, ಮ್ಯಾಕ್ಸ್ ರೋಚ್ ಜೊತೆ ಮುದ್ರಿಸಿದ ‘ರಿಲ್ಯಾಕ್ಸ್‌ಡ್ ಪಿಯಾನೋ ಮೂಡ್ಸ್’ ಅವರ ಶ್ರೇಷ್ಠ ಕೆಲಸ. ಆಮೇಲೆ ಹಲವು ವರ್ಷ ಪ್ಯಾರಿಸ್‌ನಲ್ಲಿದ್ದು, 1967ರಲ್ಲಿ ಮರಳಿ, 1981ರ ಅಕ್ಟೋಬರ್ 2ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಆ ಟಿ.ವಿ. ಕಾರ್ಯಕ್ರಮದ ಒಂದು ಕಂತೂ ಉಳಿದಿಲ್ಲ. ಏಪ್ರನ್ ಜಗಳದ ಅದೇ ಚಿತ್ರದಲ್ಲಿ ಹೇಝಲ್ ಒಂದು ಕಪ್ಪು, ಒಂದು ಬಿಳಿ ಪಿಯಾನೋವನ್ನು ಏಕಕಾಲಕ್ಕೆ ನುಡಿಸುವ ದೃಶ್ಯವಂತೂ ಉಳಿದಿದೆ. 2019ರ ಗ್ರ್ಯಾಮಿ ಸಮಾರಂಭದಲ್ಲಿ ಗಾಯಕಿ ಅಲಿಷಿಯಾ ಕೀಸ್ ಎರಡು ಪಿಯಾನೋ ನುಡಿಸುತ್ತ ಅವರ ಹೆಸರು ಹೇಳಿದಾಗ, ಎಷ್ಟೋ ಜನ ಆ ಹೆಸರನ್ನು ಮೊದಲ ಬಾರಿ ಕೇಳಿದರು. ಅವರ ನುಡಿಸಾಣಿಕೆಯ ಜೊತೆಗೆ, ಅವರು ನುಡಿಸಲು ಒಪ್ಪದ ಸಭೆಗಳನ್ನೂ ನಾವು ನೆನಪಿಟ್ಟುಕೊಳ್ಳಬೇಕು.