ಮ್ಯಾಡ್‌ವಿಲನಿ: ಒಂದು ಹಿಪ್‌ಹಾಪ್ ಆಲ್ಬಮ್ಮಿನ ಎರಡು ಪಾಠಗಳು

ಲಾಸ್ ಏಂಜಲೀಸ್‌ನ ಸ್ಟೋನ್ಸ್ ಥ್ರೋ ಎಂಬ ಸಣ್ಣ ಕಂಪನಿ 2004ರ ಮಾರ್ಚ್ 23ರಂದು ‘ಮ್ಯಾಡ್‌ವಿಲನಿ’ ಆಲ್ಬಮನ್ನು ಹೊರತಂದಿತು. ರ‍್ಯಾಪರ್ ಎಂ.ಎಫ್. ಡೂಮ್ ಮತ್ತು ಪ್ರೊಡ್ಯೂಸರ್ ಮ್ಯಾಡ್‌ಲಿಬ್ ‘ಮ್ಯಾಡ್‌ವಿಲನ್’ ಎಂಬ ಜೋಡಿ ಹೆಸರಿನಲ್ಲಿ ಮಾಡಿದ ಈ ಆಲ್ಬಮ್ ಅಂದಿನ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಏರಿದ್ದು 179ನೆಯ ಸ್ಥಾನದವರೆಗೆ ಮಾತ್ರ. ಇಂದು ಇದನ್ನು ಬಿಟ್ಟು ಹಿಪ್‌ಹಾಪ್ ಚರಿತ್ರೆಯನ್ನು ಬರೆಯಲಾಗದು. ಇದರ ಬಗೆಗಿನ ಬರಹಗಳು ಹೆಚ್ಚಾಗಿ ಇಬ್ಬರ ಪ್ರತಿಭೆ ಮತ್ತು ವಿಲಕ್ಷಣ ಸ್ವಭಾವಗಳಲ್ಲೇ ನಿಂತುಬಿಡುತ್ತವೆ. ನನ್ನ ವಾದ ಬೇರೆ. ಬಿಡುಗಡೆಗೆ ಮೊದಲೇ ಒಂದು ಕರಡು ಪ್ರತಿ ಸೋರಿಹೋಗದಿದ್ದರೆ ಈ ಕೃತಿಗೆ ಈಗಿನ ರೂಪ ಬರುತ್ತಿರಲಿಲ್ಲ. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ ಇದಕ್ಕೆ ಎರಡು ಪಾಠಗಳಿವೆ, ಎರಡನೆಯದನ್ನು ಅರಿಯಬೇಕಾದರೆ ಮೊದಲನೆಯದನ್ನೂ ಕೇಳಬೇಕು.

ಡೂಮ್‌ನ ನಿಜನಾಮ ಡೇನಿಯಲ್ ಡುಮಿಲೆ. 1971ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ನ್ಯೂಯಾರ್ಕ್‌ನ ಲಾಂಗ್ ಐಲೆಂಡ್‌ನಲ್ಲಿ ಬೆಳೆದವನು. ಮೊದಲಿಗೆ ಜೆವ್ ಲವ್ ಎಕ್ಸ್ ಎಂಬ ಹೆಸರಿನಲ್ಲಿ, ತಮ್ಮ ಸಬ್‌ರಾಕ್ ಜೊತೆ ಕೆ.ಎಂ.ಡಿ. ತಂಡದಲ್ಲಿ ಹಾಡಿದ. 1993ರಲ್ಲಿ ಸಬ್‌ರಾಕ್ ಕಾರು ಡಿಕ್ಕಿ ಹೊಡೆದು ತೀರಿಕೊಂಡ. ಮುಖಪುಟದ ಚಿತ್ರದ ಬಗ್ಗೆ ವಿವಾದವೆದ್ದು ಎಲೆಕ್ಟ್ರಾ ಕಂಪನಿ ತಂಡದ ಎರಡನೆಯ ಆಲ್ಬಮನ್ನು ಕೈಬಿಟ್ಟು ತಂಡವನ್ನೂ ಹೊರಹಾಕಿತು. ಕೆಲವು ವರ್ಷ ಆತ ಎಲ್ಲೂ ಕಾಣಲಿಲ್ಲ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಮ್ಯಾನ್‌ಹಟನ್ನಿನ ನ್ಯೂಯೋರಿಕನ್ ಪೊಯೆಟ್ಸ್ ಕೆಫೆಯಲ್ಲಿ ಮುಖಕ್ಕೆ ಕಾಲುಚೀಲ ಎಳೆದುಕೊಂಡು ಮತ್ತೆ ವೇದಿಕೆ ಹತ್ತಿದ. ಕಾಲುಚೀಲದ ಜಾಗಕ್ಕೆ ಆಮೇಲೆ ಲೋಹದ ಮುಖವಾಡ ಬಂತು, ಮಾರ್ವೆಲ್ ಕಾಮಿಕ್ಸಿನ ಖಳ ಡಾಕ್ಟರ್ ಡೂಮ್‌ನ ಹೆಸರೂ ಬಂತು. 1999ರ ‘ಆಪರೇಷನ್: ಡೂಮ್ಸ್‌ಡೇ’ ಈ ಹೊಸ ವೇಷದ ಮೊದಲ ಆಲ್ಬಮ್. ಮುಖವಾಡವನ್ನು ಮಾರಾಟದ ಗಿಮಿಕ್ ಎಂದವರಿದ್ದಾರೆ. ಆ ಹಿಂದಿನ ಆರು ವರ್ಷಗಳನ್ನು ಗಮನಿಸಿದವರು ಹಾಗೆ ಹೇಳಲಾರರು.

ಮ್ಯಾಡ್‌ಲಿಬ್, ಅಂದರೆ ಓಟಿಸ್ ಜಾಕ್ಸನ್ ಜೂನಿಯರ್, 1973ರಲ್ಲಿ ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್‌ನ ಸಂಗೀತದ ಮನೆಯಲ್ಲಿ ಹುಟ್ಟಿದವನು. ತಂದೆ ಗಾಯಕ. ಜ್ಯಾಜ್ ಟ್ರಂಪೆಟ್ ವಾದಕ ಜಾನ್ ಫ್ಯಾಡಿಸ್ ಹತ್ತಿರದ ಬಂಧು. 2000ದ ‘ದಿ ಅನ್‌ಸೀನ್’ ಆಲ್ಬಮ್ಮಿನಲ್ಲಿ ಆತ ಟೇಪಿನ ವೇಗ ತಗ್ಗಿಸಿ ಹಾಡಿ, ಬಳಿಕ ವೇಗ ಏರಿಸಿ ಕ್ವಾಸಿಮೊಟೊ ಎಂಬ ಕೀರಲು ದನಿಯ ಪಾತ್ರವನ್ನು ಸೃಷ್ಟಿಸಿಕೊಂಡಿದ್ದ. ಹೀಗಾಗಿ 2002ರಲ್ಲಿ ಜೊತೆಗೂಡಿದ ಇಬ್ಬರೂ ತಮ್ಮ ಸ್ವಂತ ಮುಖ ಮರೆಮಾಡಿ ಹಾಡುವುದನ್ನು ಆಗಲೇ ಕಲಿತಿದ್ದವರು.

ಕೆಲಸ ನಡೆದದ್ದು ಲಾಸ್ ಏಂಜಲೀಸ್‌ನ ಮೌಂಟ್ ವಾಷಿಂಗ್ಟನ್ ಬಡಾವಣೆಯಲ್ಲಿ, ಕಂಪನಿಯವರೇ ವಾಸವಿದ್ದ ಮನೆಯಲ್ಲಿ. ಆ ಮನೆಗೆ ಸೇರಿದ ಹಳೆಯ ಬಾಂಬ್ ಆಶ್ರಯತಾಣ ಮ್ಯಾಡ್‌ಲಿಬ್‌ನ ಸ್ಟುಡಿಯೊ ಆಗಿತ್ತು. ಆತ ಒಳಗೆ ಬೀಟ್ ಕಟ್ಟುತ್ತಿದ್ದ, ಡೂಮ್ ಹೊರಗೆ ಕೂತು ಬರೆಯುತ್ತಿದ್ದ. ಮಾತುಕತೆ ತೀರ ಕಡಿಮೆ. ಆ ವರ್ಷದ ನವೆಂಬರಿನಲ್ಲಿ ಮ್ಯಾಡ್‌ಲಿಬ್ ಬ್ರೆಜಿಲ್‌ಗೆ ಹೋದ. ಅಲ್ಲಿ ಕೊಂಡ ಹಳೆಯ ರೆಕಾರ್ಡುಗಳಿಂದ ಹೋಟೆಲ್ ಕೋಣೆಯಲ್ಲೇ, ಕೈಚೀಲದಲ್ಲಿ ಹಿಡಿಸುವ ಬಾಸ್ ಎಸ್‌ಪಿ-303 ಸ್ಯಾಂಪ್ಲರ್, ಒಂದು ಪುಟ್ಟ ಟರ್ನ್‌ಟೇಬಲ್ ಮತ್ತು ಕ್ಯಾಸೆಟ್ ಡೆಕ್ ಇಟ್ಟುಕೊಂಡು ‘ರೇಡ್’, ‘ಸ್ಟ್ರೇಂಜ್ ವೇಸ್’, ‘ರೈನ್‌ಸ್ಟೋನ್ ಕೌಬಾಯ್’ ಹಾಡುಗಳ ಬೀಟ್ ಮಾಡಿದ. ಕೊನೆಯದರಲ್ಲಿ ಕೇಳುವುದು ಬ್ರೆಜಿಲ್‌ನ ಗಾಯಕಿ ಮರಿಯಾ ಬೆಥಾನಿಯಾ ರೆಕಾರ್ಡಿನ ತುಣುಕು. ಇಷ್ಟು ಚಿಕ್ಕ ಯಂತ್ರದಲ್ಲಿ ಪದರದ ಮೇಲೆ ಪದರ ಪೇರಿಸುವುದು ಕಷ್ಟ. ಒಂದು ಒಳ್ಳೆಯ ತುಣುಕು ಸಿಕ್ಕರೆ ಅದನ್ನೇ ಸುತ್ತಿಸಿ, ಸಾಕೆನಿಸಿದಾಗ ನಿಲ್ಲಿಸಬೇಕು. 46 ನಿಮಿಷದಲ್ಲಿ 22 ಹಾಡುಗಳು ಹಿಡಿಸಿದ್ದರಲ್ಲಿ ಈ ಯಂತ್ರದ ಪಾಲೂ ಇದೆ. ಹಾಡುಗಳಿಗೆ ಬಹುತೇಕ ಪಲ್ಲವಿಯೇ ಇಲ್ಲ. ರೇಡಿಯೊ ಬಯಸುವ ಪಲ್ಲವಿಯನ್ನೇ ಬಿಟ್ಟುಕೊಡುವ ಧೈರ್ಯ ಅಂದು ದೊಡ್ಡ ಕಂಪನಿಗಳಿಗೆ ಇರಲಿಲ್ಲ.

ಬಿಡುಗಡೆಗೆ ಸುಮಾರು 14 ತಿಂಗಳು ಮೊದಲೇ ಕರಡು ಪ್ರತಿ ಅಂತರಜಾಲದಲ್ಲಿ ಹರಿದಾಡತೊಡಗಿತು. ಬೇಸತ್ತ ಇಬ್ಬರೂ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಬೇರೆ ಹಾದಿ ಹಿಡಿದರು. ಮ್ಯಾಡ್‌ಲಿಬ್ ಜೆ ಡಿಲ್ಲಾ ಜೊತೆ ‘ಚಾಂಪಿಯನ್ ಸೌಂಡ್’ ಮಾಡಿದ. ಡೂಮ್ 2003ರಲ್ಲಿ ಕಿಂಗ್ ಗೀಡೊರಾ, ವಿಕ್ಟರ್ ವಾನ್ ಎಂಬ ಬೇರೆಬೇರೆ ಹೆಸರುಗಳಲ್ಲಿ ಎರಡು ಆಲ್ಬಮ್ ತಂದ. ಮರಳಿ ಬಂದಾಗ ಆತ ತನ್ನ ಗಾಯನವನ್ನು ಹೊಸದಾಗಿ ಧ್ವನಿಮುದ್ರಿಸಿದ.

ಇಲ್ಲಿಯೇ ಪಾಠಭೇದ ಮುಖ್ಯವಾಗುವುದು. ಮೊದಲ ಪಾಠದ ದನಿ ಎತ್ತರದ್ದು, ಚುರುಕಿನದು, ಕೇಳುಗನನ್ನು ಗೆಲ್ಲಲು ಹೊರಟದ್ದು. ಎರಡನೆಯ ಪಾಠದ ದನಿ ತಗ್ಗಿದೆ, ನಿಧಾನವಾಗಿದೆ, ಸ್ವಲ್ಪ ಒರಟಾಗಿದೆ. ಪದ್ಯದ ಕಟ್ಟಡ ದಟ್ಟವಾಗಿದ್ದಾಗ ಈ ನಿಧಾನ ಬೇಕೇಬೇಕು. ಡೂಮ್ ಸಾಲಿನ ಕೊನೆಯ ಒಂದು ಪ್ರಾಸಕ್ಕೆ ತೃಪ್ತನಲ್ಲ. ನಾಲ್ಕೈದು ಉಚ್ಚಾರಾಂಶಗಳ ಇಡೀ ಗುಚ್ಛಕ್ಕೆ ಸಾಲಿನ ನಡುವೆಯೇ ಜೋಡಿ ಕೂಡಿಸುತ್ತಾನೆ, ವಾಕ್ಯವನ್ನು ಮುಂದಿನ ಸಾಲಿಗೆ ಹರಿಯಬಿಡುತ್ತಾನೆ. ಸಾಲಿನ ಆದಿಯಲ್ಲಿ ದ್ವಿತೀಯಾಕ್ಷರ ಪ್ರಾಸ ಕೇಳಿ ಪಳಗಿದ ಕನ್ನಡದ ಕಿವಿಗೆ, ಪ್ರಾಸ ಕೊನೆಯಲ್ಲೇ ಇರಬೇಕಿಲ್ಲ ಎಂಬುದು ಹೊಸತಲ್ಲ. ಆದರೂ ಈ ಸಾಂದ್ರತೆ ಬೆರಗು ಹುಟ್ಟಿಸುತ್ತದೆ. ಅವಸರದ ದನಿಯಲ್ಲಿ ಇದೇ ಪ್ರಾಸಗಳು ಬರಿಯ ಕಸರತ್ತಿನಂತೆ ಕೇಳುತ್ತವೆ. ತಗ್ಗಿದ ದನಿಯಲ್ಲಿ ಅವು ತನ್ನಷ್ಟಕ್ಕೆ ಯೋಚಿಸುತ್ತಿರುವವನ ಮಾತಾಗುತ್ತವೆ. ‘ಮೀಟ್ ಗ್ರೈಂಡರ್’ ಮತ್ತು ‘ಫಿಗಾರೊ’ ಹಾಡುಗಳ ಎರಡೂ ರೂಪಗಳನ್ನು ಒಂದಾದಮೇಲೊಂದು ಕೇಳಿದರೆ ಈ ಅಂತರ ತಿಳಿಯುತ್ತದೆ.

ನಡುವಿನ ಆ ಅವಧಿ ಪಾತ್ರಗಳನ್ನೂ ತಂದುಕೊಟ್ಟಿತು. ‘ಫ್ಯಾನ್ಸಿ ಕ್ಲೌನ್’ನಲ್ಲಿ ಹಾಡುವವನು ವಿಕ್ಟರ್ ವಾನ್. ತನ್ನ ಪ್ರೇಯಸಿ ಮುಖವಾಡದವನ ಹಿಂದೆ ಹೋದಳೆಂದು ಅವನ ದೂರು. ಅಂದರೆ ಡೂಮ್ ತನ್ನ ಮೇಲೆ ತಾನೇ ಚಾಡಿ ಹೇಳುತ್ತಿದ್ದಾನೆ. ನಗು ಬರುತ್ತದೆ, ಆದರೆ ಮೋಸಹೋದವನ ಸಂಕಟವೂ ಅಷ್ಟೇ ನಿಜವಾಗಿ ಕೇಳುತ್ತದೆ. ಆಲ್ಬಮ್ಮಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಹಾಡು ಇದೇ.

ಡೂಮ್ 2020ರ ಅಕ್ಟೋಬರ್ 31ರಂದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ತೀರಿಕೊಂಡ. ಲೋಕಕ್ಕೆ ತಿಳಿದದ್ದು ಎರಡು ತಿಂಗಳ ಮೇಲೆ, ಡಿಸೆಂಬರ್ 31ರಂದು. ಅಭಿಮಾನಿಗಳು ಕಾದಿದ್ದ ಎರಡನೆಯ ಜಂಟಿ ಆಲ್ಬಮ್ ಆತನ ಜೀವಿತಕಾಲದಲ್ಲಿ ಬರಲೇ ಇಲ್ಲ.

ಭಾರತದ ಓದುಗರು ಗಮನಿಸಬೇಕಾದ ಎಳೆಯೊಂದಿದೆ. ‘ಷ್ಯಾಡೋಸ್ ಆಫ್ ಟುಮಾರೊ’ ಹಾಡಿನಲ್ಲಿ ಜ್ಯಾಜ್ ಗುರು ಸನ್ ರಾ ಅವರ ಮಾತುಗಳ ಜೊತೆಗೆ ಆರ್.ಡಿ. ಬರ್ಮನ್ ಸಂಗೀತದ ಹಿಂದಿ ಚಿತ್ರಗೀತೆಯೊಂದರ ತುಣುಕು ಇದೆ. ಇದು ಒಂದು ಸಲದ ಕುತೂಹಲವಲ್ಲ. 2007ರಲ್ಲಿ ಮ್ಯಾಡ್‌ಲಿಬ್ ಭಾರತೀಯ ಸಿನಿಮಾ ಸಂಗೀತದ ರೆಕಾರ್ಡುಗಳಿಂದಲೇ ‘ಬೀಟ್ ಕಂಡಕ್ಟ ಇನ್ ಇಂಡಿಯಾ’ ಎಂಬ ಇಡೀ ಆಲ್ಬಮ್ ಮಾಡಿದ. ಜ್ಯಾಜ್, ಸೋಲ್ ತುಣುಕುಗಳ ಮೂಲವನ್ನು ಅಮೆರಿಕದ ಅಭ್ಯಾಸಿಗಳು ವಾದಕರ ಹೆಸರಿನ ಸಮೇತ ಗುರುತಿಸಿಟ್ಟಿದ್ದಾರೆ. ಹಿಂದಿ ಚಿತ್ರಗೀತೆಯ ತುಣುಕಿಗೆ ಸಿಗುವುದು ಸಾಮಾನ್ಯವಾಗಿ ಸಂಗೀತ ನಿರ್ದೇಶಕರ ಹೆಸರೊಂದೇ. ಬರ್ಮನ್ ವಾದ್ಯವೃಂದದಲ್ಲಿ ಮನೋಹರಿ ಸಿಂಗ್, ಕೆರ್ಸಿ ಲಾರ್ಡ್ ಅವರಂಥ ದೊಡ್ಡ ವಾದಕರಿದ್ದರು. ಯಾವ ತುಣುಕಿನಲ್ಲಿ ಯಾರು ನುಡಿಸಿದರೆಂಬುದನ್ನು ಗುರುತಿಸುವ ಕೆಲಸವನ್ನು ಇಲ್ಲಿನ ಸಿನಿಮಾ ಸಂಗೀತ ಬಲ್ಲವರೇ ಕೈಗೆತ್ತಿಕೊಳ್ಳಬೇಕು.