ರತ್ನಾಜಿಯ ಅರಮನೆಗೆ ಬಿದ್ದ ಚೆಂಡು

ಗಂಗಾವತಿ ತಾಲೂಕಿನ ಹೇಮಗುಡ್ಡಕ್ಕೆ ಹೋದವರು ದುರ್ಗಾದೇವಿಯ ದರ್ಶನ ಮುಗಿಸಿ, ಹಾಳುಬಿದ್ದ ಕೋಟೆಗೋಡೆ ನೋಡಿ, ಕುಮಾರರಾಮನ ಹೆಸರು ಕೇಳಿ ಮರಳುತ್ತಾರೆ. ಕಂಪಿಲರಾಯನ ಮಗ, ಕುಮ್ಮಟದುರ್ಗದ ವೀರ, ಪರನಾರಿ ಸಹೋದರ. ದೇವಗಿರಿ ದಿಲ್ಲಿಯ ಕೈಸೇರಿದ ಮೇಲೆ ಈ ಸಣ್ಣ ರಾಜ್ಯ ಸುಲ್ತಾನರ ಗಡಿಗೆ ಅಂಟಿಕೊಂಡೇ ಬದುಕಿತು. ಆ ಗಡಿನಾಡಿಗೆ ನಮ್ಮ ಕವಿಗಳು ಬಹಳ ಹಳೆಯ ಕಥೆಯೊಂದನ್ನು ತಂದು ಕೂರಿಸಿದರು.

16ನೆಯ ಶತಮಾನದ ನಂಜುಂಡ ಕವಿ ಮತ್ತು ಅವನ ನಂತರದವರು ಸಾಂಗತ್ಯದಲ್ಲಿ ಹೇಳಿದ ಕಥೆ ಇದು: ರಾಮ ಆಡುತ್ತಿದ್ದ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ತರಲು ಹೋದವನನ್ನು ಅವಳು ಬಯಸುತ್ತಾಳೆ. ಅವನು ಒಪ್ಪದಿದ್ದಾಗ ಗಂಡನಿಗೆ ದೂರುತ್ತಾಳೆ. ರಾಯ ಮಗನ ತಲೆ ಕೇಳುತ್ತಾನೆ. ತೆಲುಗರ ಸಾರಂಗಧರನ ಕಥೆಯಲ್ಲಿ ಚೆಂಡಿನ ಬದಲು ಪಾರಿವಾಳ, ತಲೆಯ ಬದಲು ಕೈಕಾಲು. ಇನ್ನೂ ಹಿಂದೆ ಹೋದರೆ ಅಶೋಕನ ಮಗ ಕುಣಾಲ, ಮಲತಾಯಿ ತಿಷ್ಯರಕ್ಷಿತೆಯಿಂದ ಕಣ್ಣು ಕಳೆದುಕೊಂಡವನು. ಅದೇ ಅಶೋಕನ ಶಾಸನಗಳು ಕೊಪ್ಪಳದ ಗವಿಮಠದಲ್ಲೂ ಪಾಲ್ಕಿಗುಂಡಿನಲ್ಲೂ ಇವೆ. ಕಾಕತಾಳೀಯ, ನಿಜ, ಆದರೂ ಆ ದಾರಿಯಲ್ಲಿ ಹೋಗುವಾಗೆಲ್ಲ ನನಗೆ ಕುಣಾಲ ನೆನಪಾಗುತ್ತಾನೆ.

ಸಾರಂಗಧರನಿಗೆ ಸಿದ್ಧನೊಬ್ಬ ಕೈಕಾಲು ಮರಳಿಸುತ್ತಾನೆ. ಗಡಿಯ ಕಥೆಗೆ ಸಿದ್ಧ ಬೇಕಾಗಲಿಲ್ಲ. ಮಂತ್ರಿ ಬೈಚಪ್ಪ ಬೇರೊಂದು ತಲೆ ತೋರಿಸಿ ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಡುತ್ತಾನೆ. ರಾಮ ಸತ್ತನೆಂಬ ಸುದ್ದಿ ಕೇಳಿ ದಿಲ್ಲಿಯ ದಂಡು ಬರುತ್ತದೆ, ರಾಮ ಹೊರಬಂದು ಅದನ್ನು ಓಡಿಸುತ್ತಾನೆ. ಅಪ್ಪನಿಗೆ ಮಗ ಸಿಕ್ಕಿದ್ದು ಶತ್ರುವಿನಿಂದಾಗಿ. ಮತ್ತೆ ಬಂದ ದಂಡಿನೆದುರು ಆ ಮಗನೂ ಮಡಿಯುತ್ತಾನೆ.

ಇತಿಹಾಸ ಬೇರೆ ಹೇಳುತ್ತದೆ. 1327ರ ಸುಮಾರಿಗೆ ಮುಹಮ್ಮದ್ ಬಿನ್ ತುಘಲಕ್‌ನ ಮೇಲೆ ಬಂಡೆದ್ದ ಸೋದರಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್ ಕಂಪಿಲಿಗೆ ಓಡಿಬಂದ. ಇಬ್ನ್ ಬತೂತ ಬರೆಯುವಂತೆ, ರಾಯ ಅವನನ್ನು ಒಪ್ಪಿಸಲಿಲ್ಲ. ನೆರೆಯ ಅರಸನ ಬಳಿಗೆ ಕಳಿಸಿ, ಹೆಂಗಸರು ಬೆಂಕಿಗೆ ಹಾರಿದ ಮೇಲೆ ತಾನು ಕಾದಾಡಿ ಸತ್ತ. ಸೆರೆಸಿಕ್ಕ ಮಕ್ಕಳು ಮತಾಂತರಗೊಂಡು ಸುಲ್ತಾನನ ಬಳಿ ಉಳಿದರು. ಅವರಲ್ಲಿ ಮೂವರನ್ನು ಬತೂತ ಕಣ್ಣಾರೆ ಕಂಡಿದ್ದ.

ಕಾವ್ಯದಲ್ಲಿ ಆಶ್ರಯ ಕೊಟ್ಟ ಹಿರಿಮೆ ಮಗನ ಪಾಲಾಗಿದೆ. ಅಪ್ಪನಿಗೆ ಉಳಿದದ್ದು ಹೆಂಡತಿಯ ಮಾತು ನಂಬಿ ಕೆಟ್ಟವನ ಪಾತ್ರ. ಸೋತ ನಾಡಿಗೆ ಸೆರೆಯಾಳಾಗಿ ಬದುಕಿದ ಮಕ್ಕಳು ಬೇಡವಾಗಿದ್ದರು, ಕಾದು ಸಾಯುವ ಒಬ್ಬ ಮಗ ಬೇಕಿತ್ತು ಎಂಬುದು ನನ್ನ ಊಹೆ. ಅದಕ್ಕೆ ಬೆಲೆ ತೆತ್ತವಳು ರತ್ನಾಜಿ. ಬತೂತನ ಬರಹದಲ್ಲಿ ರಾಯನ ಹೆಂಡತಿಯರು ಅವನಿಗಿಂತ ಮೊದಲೇ ಬೆಂಕಿಯಲ್ಲಿ ಬೆಂದುಹೋದರು. ಕವಿಗಳು ರಾಯನಿಗೆ ಕೊಟ್ಟ ಈ ಹೆಂಡತಿಯ ಬಾಯಿಂದ ಒಂದು ಸುಳ್ಳು ಹೇಳಿಸಿದರು. ದಿಲ್ಲಿಯ ದಂಡಿಗೆ ದಾರಿ ತೆರೆದದ್ದು ಆ ಸುಳ್ಳು.