ಬೆಳಕು ಕಾಣದ ಪ್ಲಾಸ್ಟಿಡ್‌ಗಳು: ಲ್ಯೂಕೋಪ್ಲಾಸ್ಟ್‌ಗಳ ಕಾರ್ಯವೈವಿಧ್ಯ

ಲ್ಯೂಕೋಪ್ಲಾಸ್ಟ್ ಎಂಬ ಹೆಸರು ಹೇಳುವುದು ಒಂದು ಕೊರತೆಯನ್ನು: ಬಣ್ಣವಿಲ್ಲ. 1880ರ ದಶಕದಲ್ಲಿ ಸಸ್ಯವಿಜ್ಞಾನಿ ಶಿಂಪರ್ ಸಸ್ಯಕೋಶದ ಪ್ಲಾಸ್ಟಿಡ್‌ಗಳನ್ನು ಬಣ್ಣ ನೋಡಿ ವಿಂಗಡಿಸಿದರು. ಅಂದಿನ ಸೂಕ್ಷ್ಮದರ್ಶಕಕ್ಕೆ ಕಾಣುತ್ತಿದ್ದುದೇ ಅಷ್ಟು. ನಮ್ಮ ಪಠ್ಯಪುಸ್ತಕಗಳು ಇಂದಿಗೂ ಪಿಷ್ಟದ್ದು, ಎಣ್ಣೆಯದು, ಪ್ರೋಟೀನಿನದು ಎಂದು ಮೂರು ಉಗ್ರಾಣಗಳನ್ನು ಹೆಸರಿಸಿ ಮುಂದೆ ಸಾಗುತ್ತವೆ. ಹಸಿರು ಪ್ಲಾಸ್ಟಿಡ್ ಬೆಳಕಿನಿಂದ ಶಕ್ತಿ ಪಡೆಯುತ್ತದೆ. ಬಣ್ಣವಿಲ್ಲದ್ದಕ್ಕೆ ಕಚ್ಚಾವಸ್ತುವೂ ಶಕ್ತಿಯೂ ಹೊರಗಿನಿಂದಲೇ ಬರಬೇಕು. ಪೊರೆ ದಾಟಿ ಒಳಬರುವುದೇನು ಎಂದು ಕೇಳಿದರೆ ಈ ವರ್ಗೀಕರಣ ಸಡಿಲವಾಗತೊಡಗುತ್ತದೆ.

ಆಲೂಗಡ್ಡೆಯ ಅಮೈಲೋಪ್ಲಾಸ್ಟನ್ನು, ಅಂದರೆ ಪಿಷ್ಟ ತುಂಬುವ ಲ್ಯೂಕೋಪ್ಲಾಸ್ಟನ್ನು, ನೋಡಿ. ಎಲೆಯಿಂದ ಇಳಿದುಬಂದ ಸುಕ್ರೋಸ್ ಕೋಶರಸದಲ್ಲಿ ಒಡೆದು, ಗ್ಲೂಕೋಸ್-6-ಫಾಸ್ಫೇಟ್ ರೂಪದಲ್ಲಿ ಪೊರೆ ದಾಟುತ್ತದೆ. ಶಕ್ತಿ ಒದಗಿಸುವ ಎಟಿಪಿಯೂ ಹೊರಗಿನದೇ. ಪಿಷ್ಟದ ಸರಪಳಿಗೆ ಬೇಕಾದ ಎಡಿಪಿ-ಗ್ಲೂಕೋಸ್ ತಯಾರಾಗುವುದು ಒಳಗೆ. ಮೆಕ್ಕೆಜೋಳದ ಕಾಳಿನಲ್ಲಿ ಹಾಗಲ್ಲ: ಅಲ್ಲಿ ಎಡಿಪಿ-ಗ್ಲೂಕೋಸ್ ಬಹುಪಾಲು ಕೋಶರಸದಲ್ಲೇ ಸಿದ್ಧವಾಗಿ, ಬ್ರಿಟಲ್-1 ಎಂಬ ವಾಹಕ ಪ್ರೋಟೀನಿನ ಮೂಲಕ ಒಳಸೇರುತ್ತದೆ. ಆ ಪ್ರೋಟೀನಿನ ಜೀನ್ ಕೆಟ್ಟರೆ ಪಿಷ್ಟ ತಗ್ಗಿ ಕಾಳು ಸುಕ್ಕುಗಟ್ಟುತ್ತದೆ. ಎರಡಕ್ಕೂ ಅಮೈಲೋಪ್ಲಾಸ್ಟ್ ಎಂಬ ಒಂದೇ ಹೆಸರು. ಅಯೋಡಿನ್ ಹನಿಸಿದರೆ ಎರಡೂ ಕಡುನೀಲಿ.

ಹರಳುಬೀಜ ಉಗ್ರಾಣದ ಕಲ್ಪನೆಯನ್ನೇ ಅಲ್ಲಾಡಿಸುತ್ತದೆ. ಬಲಿಯುತ್ತಿರುವ ಬೀಜದ ಭ್ರೂಣಾಹಾರದಲ್ಲಿರುವ ಲ್ಯೂಕೋಪ್ಲಾಸ್ಟ್‌ಗಳು ಕೊಬ್ಬಿನಾಮ್ಲಗಳನ್ನು ಕಟ್ಟುತ್ತವೆ. ಬೇರ್ಪಡಿಸಿದ ಲ್ಯೂಕೋಪ್ಲಾಸ್ಟ್‌ಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಮ್ಯಾಲೇಟ್ ಉತ್ತಮ ಆಹಾರವೆಂದು ಕಂಡುಬಂದಿದೆ. ಇಂಗಾಲದ ಜೊತೆಗೆ ಅಪಕರ್ಷಣ ಶಕ್ತಿಯನ್ನೂ ಅದು ಒದಗಿಸುತ್ತದೆ. ಆದರೆ ಉತ್ಪನ್ನ ಅಲ್ಲಿ ಉಳಿಯುವುದಿಲ್ಲ. ಒಲೀಯಿಕ್ ಆಮ್ಲ ಹೊರಬಂದು, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ಹನ್ನೆರಡನೆಯ ಇಂಗಾಲಕ್ಕೆ ಹೈಡ್ರಾಕ್ಸಿಲ್ ಗುಂಪನ್ನು ಪಡೆದು ರಿಸಿನೋಲೀಯಿಕ್ ಆಮ್ಲವಾಗುತ್ತದೆ. ಹರಳೆಣ್ಣೆಯ ಸುಮಾರು 90% ಕೊಬ್ಬಿನಾಮ್ಲ ಇದೇ. ಎಣ್ಣೆ ಶೇಖರವಾಗುವುದೂ ಪ್ಲಾಸ್ಟಿಡ್‌ನ ಹೊರಗೆ, ಎಣ್ಣೆಕಣಗಳಲ್ಲಿ. ಅಂದರೆ ಇದನ್ನು ಉಗ್ರಾಣ ಎನ್ನುವುದಕ್ಕಿಂತ ಗಾಣ ಎನ್ನುವುದು ಮೇಲು. ಗಾಣ ಹಿಂಡುತ್ತದೆ, ಇದು ಕಟ್ಟುತ್ತದೆ ಎಂಬ ವ್ಯತ್ಯಾಸವಿದ್ದರೂ.

ಬೇರಿನ ತುದಿಯ ಟೊಪ್ಪಿಗೆಯಲ್ಲಿ ಮಾತ್ರ ಪಿಷ್ಟಕ್ಕೆ ಬೇರೊಂದು ಕೆಲಸವಿದೆ. ಅಲ್ಲಿ ಅದು ತೂಕ. ಅಮೈಲೋಪ್ಲಾಸ್ಟ್‌ಗಳು ಕೋಶದ ತಳಕ್ಕೆ ಇಳಿದು ಬೇರಿಗೆ ಕೆಳದಿಕ್ಕನ್ನು ತಿಳಿಸುತ್ತವೆ ಎಂಬ ವಿಚಾರವನ್ನು 1900ರಲ್ಲಿ ಸಸ್ಯವಿಜ್ಞಾನಿಗಳಾದ ಹಾಬರ್ಲಾಂಟ್ ಮತ್ತು ನೆಮೆಟ್ಸ್ ಬೇರೆಬೇರೆಯಾಗಿ ಮಂಡಿಸಿದರು. 1989ರಲ್ಲಿ ಅರಬಿಡೋಪ್ಸಿಸ್ ಗಿಡದ ಪಿಷ್ಟರಹಿತ ತಳಿ ಈ ವಿಚಾರವನ್ನು ಪರೀಕ್ಷೆಗೆ ಒಡ್ಡಿತು: ಅದರ ಬೇರೂ ಬಾಗಿತು, ಆದರೆ ಸಹಜ ತಳಿಯಷ್ಟು ಚುರುಕಾಗಿ ಅಲ್ಲ. ಪಿಷ್ಟ ಅನಿವಾರ್ಯವಲ್ಲ ಎಂದು ಕೆಲವರು ಓದಿದ ಆ ಫಲಿತಾಂಶವನ್ನೇ, ಪಿಷ್ಟ ಖಾಲಿಯಾದ ಪ್ಲಾಸ್ಟಿಡ್‌ಗೂ ಒಂದಿಷ್ಟು ತೂಕ ಉಳಿದಿರುತ್ತದೆ ಎಂದು ಇನ್ನು ಕೆಲವರು ಓದಿದರು.